ಕಾರವಾರದ ಸೆಕೆಯಲ್ಲಿ ಉಪ್ಪುನೀರಿನ ಟ್ಯಾಂಕ್: ಯಾವ ಪಂಪ್ ಎಲ್ಲಿಗೆ?

ಉಪ್ಪುನೀರಿನ ಅಕ್ವೇರಿಯಂಗೆ ಪಂಪ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲೆ ಬರೆದಿರುವ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಯ ಮೇಲೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಅದಕ್ಕೂ ಮುಂಚೆ ಮೂರು ವಿಷಯ ನೋಡಬೇಕು. ಪಂಪ್ ನೀರಿಗೆ ಎಷ್ಟು ಬಿಸಿ ಸೇರಿಸುತ್ತದೆ? ಕರೆಂಟ್ ಹೋಗಿ ಬಂದಾಗ ಯಾರೂ ಮುಟ್ಟದೆ ಮತ್ತೆ ಶುರುವಾಗುತ್ತದೆಯೇ? ಬ್ಯಾಟರಿಯ ಮೇಲೆ ಎಷ್ಟು ಹೊತ್ತು ಓಡುತ್ತದೆ? ಮೇ ತಿಂಗಳ ಸೆಕೆಯಲ್ಲಿ ಮತ್ತು ಜೂನ್–ಜುಲೈ ಗಾಳಿಮಳೆಯಲ್ಲಿ ಮೀನು ಉಳಿಯುವುದು ಈ ಮೂರರ ಮೇಲೆ.

ಇಲ್ಲಿ ಹೋಲಿಸಿರುವ ಪಂಪ್‌ಗಳೆಲ್ಲ ಒಂದೇ ಟ್ಯಾಂಕಿನಲ್ಲಿ, ಒಂದೇ ಪೈಪಿನಲ್ಲಿ ಓಡಿದವು. ಟ್ಯಾಂಕ್ ನಾಲ್ಕು ಅಡಿ ಉದ್ದದ್ದು, ಅಂದರೆ 120×45×45 ಸೆಂ.ಮೀ. ಲೆಕ್ಕದಲ್ಲಿ 243 ಲೀಟರ್ ಆದರೂ ಕಲ್ಲು, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 200 ಲೀಟರ್ ಆಸುಪಾಸು. ಸ್ಟ್ಯಾಂಡಿನ ಒಳಗೆ ಸಂಪ್, ಅಂದರೆ ಮೇಲಿನ ಟ್ಯಾಂಕಿನ ನೀರು ಇಳಿದು ಬರುವ ಚಿಕ್ಕ ತೊಟ್ಟಿ. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಮೀಟರ್. ಮುಕ್ಕಾಲು ಇಂಚಿನ ಪಿವಿಸಿ ಪೈಪ್, ಮೂರು ಎಲ್ಬೋ, ಒಂದು ಬಾಲ್ ವಾಲ್ವ್ ಸೇರಿದರೆ ಪಂಪಿಗೆ ಬೀಳುವ ಹೊರೆ ಸುಮಾರು 1.25 ಮೀಟರ್ ಹೆಡ್ (ನೀರು ಏರಬೇಕಾದ ಎತ್ತರಕ್ಕೆ ಪೈಪಿನ ತಡೆಯನ್ನೂ ಸೇರಿಸಿದ ಲೆಕ್ಕ). ಮೀನು, ಸಿಗಡಿ ಮತ್ತು ಕಲ್ಲು ಮಾತ್ರ ಇರುವ ಟ್ಯಾಂಕ್ ಇದು. ನೇತ್ರಾಣಿ ದ್ವೀಪ ಹತ್ತಿರದಲ್ಲೇ ಇದೆ ಎಂದು ಹವಳ ಕಿತ್ತು ತರುವ ಯೋಚನೆ ಯಾರಿಗೂ ಬೇಡ. ಕಲ್ಲುಹವಳ, ಕರಿಹವಳ, ಸೀ ಫ್ಯಾನ್, ಸಮುದ್ರಕುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಅವುಗಳ ಜಾಗ ಸಮುದ್ರ.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿಕೊಳ್ಳಬೇಕು. ಸಂಪಿನಿಂದ ನೀರನ್ನು ಮೇಲಕ್ಕೆತ್ತುವುದು ರಿಟರ್ನ್ ಪಂಪಿನ ಕೆಲಸ. ಟ್ಯಾಂಕಿನೊಳಗೆ ನೀರನ್ನು ಓಡಾಡಿಸುವುದು ವೇವ್‌ಮೇಕರ್ ಕೆಲಸ. ಎತ್ತಲು ಒತ್ತಡ ಬೇಕು, ಆದ್ದರಿಂದ ಅಲ್ಲಿ ಇಂಪೆಲ್ಲರ್ (ನೀರನ್ನು ಒತ್ತಿ ಹೊರದೂಡುವ ರೆಕ್ಕೆಚಕ್ರ) ಇರುವ ಸೆಂಟ್ರಿಫ್ಯೂಗಲ್ ಪಂಪ್. ಓಡಾಡಿಸಲು ಒತ್ತಡ ಬೇಡ, ಪ್ರಮಾಣ ಬೇಕು, ಆದ್ದರಿಂದ ಇಲ್ಲಿ ಫ್ಯಾನ್ ಇರುವ ಪಂಪ್. ದೊಡ್ಡ ರಿಟರ್ನ್ ಪಂಪ್ ಹಾಕಿ ಎರಡೂ ಕೆಲಸ ಒಂದರಿಂದಲೇ ಮಾಡಿಸಲು ಹೊರಟರೆ ಕರೆಂಟ್ ಖರ್ಚು, ಸದ್ದು, ಬಿಸಿ ಮೂರೂ ಏರುತ್ತವೆ. ಸಂಪಿನ ಮೂಲಕ ಗಂಟೆಗೆ ನಾಲ್ಕೈದು ಸಲ ನೀರು ತಿರುಗಿದರೆ ಸಾಕು, ಅಂದರೆ ಈ ಟ್ಯಾಂಕಿಗೆ 800ರಿಂದ 1000 ಲೀಟರ್. ಟ್ಯಾಂಕಿನೊಳಗಿನ ಓಡಾಟ ಮೀನಿನ ಟ್ಯಾಂಕಿಗೆ 10ರಿಂದ 15 ಪಟ್ಟು, ಅಂದರೆ 2000ರಿಂದ 3000 ಲೀಟರ್.

ಎತ್ತುವ ಪಂಪ್: ಕೂಲರ್ ಪಂಪ್, ಎಸಿ, ಡಿಸಿ

ಅಳೆಯುವ ಕ್ರಮ ಸುಲಭ. ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಗೆ, ಅದೇ ಎತ್ತರದಲ್ಲಿ, 10 ಲೀಟರ್ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 36,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ. 40 ಸೆಕೆಂಡ್ ಆದರೆ 900 ಲೀಟರ್. ಡಬ್ಬಿಯ ಮೇಲಿನ ಅಂಕಿ ಸೊನ್ನೆ ಎತ್ತರದ್ದು. ಗರಿಷ್ಠ ಹೆಡ್ ಎಂದು ಬರೆದಿರುವ ಎತ್ತರದಲ್ಲಿ ಪಂಪಿನಿಂದ ಒಂದು ಹನಿಯೂ ಬರುವುದಿಲ್ಲ. ಆದ್ದರಿಂದ ನಿಮಗೆ ಬೇಕಾದ ಹೆಡ್ಡಿನ ಒಂದೂವರೆ ಪಟ್ಟಿಗಿಂತ ಕಡಿಮೆ ಗರಿಷ್ಠ ಹೆಡ್ ಇರುವ ಪಂಪನ್ನು ನೋಡಲೂ ಹೋಗಬೇಡಿ.

ಕೂಲರ್ ಪಂಪ್ ಅಗ್ಗ, ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಸಿಹಿನೀರಿನಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು, ಹಗಲು ಹೊತ್ತು ಓಡಲು ಮಾಡಿದ ವಸ್ತು ಅದು. 1.25 ಮೀಟರ್ ಹೆಡ್ಡಿನಲ್ಲಿ ಅದರಿಂದ ಬರುವುದು ಸಣ್ಣ ಧಾರೆ. ಇದಕ್ಕಿಂತ ಮುಖ್ಯವಾದದ್ದು ಶಾಫ್ಟ್. ಒಳಗಿರುವುದು ಸ್ಟೀಲ್ ಕಡ್ಡಿ, ಉಪ್ಪುನೀರಿನಲ್ಲಿ ಅದಕ್ಕೆ ತುಕ್ಕು ಹಿಡಿಯದೆ ಇರುವುದಿಲ್ಲ. ರೋಟರಿನ ಅಯಸ್ಕಾಂತದ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಳು. ಅದು ಬಿರಿದು ನೀರು ಒಳಗೆ ಹೋದರೆ ಅಯಸ್ಕಾಂತ ಉಬ್ಬಿ ಗೂಡಿಗೆ ಕಚ್ಚಿಕೊಳ್ಳುತ್ತದೆ. ವೈರ್ ಒಳಹೋಗುವ ಜಾಗದ ಸೀಲಿಂಗ್ ಸಡಿಲವಾದರೆ ನೀರಿಗೆ ಕರೆಂಟ್ ಇಳಿಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಕರೆಂಟ್ ಹರಿಸುತ್ತದೆ, ಇಲ್ಲಿ ಅಪಾಯ ಮೀನಿಗಿಂತ ಕೈ ಹಾಕುವವರಿಗೆ ಹೆಚ್ಚು. ರಿಟರ್ನ್ ಕೆಲಸಕ್ಕೆ ಇದು ಬೇಡವೇ ಬೇಡ. ಡ್ರಮ್ಮಿನಲ್ಲಿ ಉಪ್ಪು ಕಲಸಲು ಬಳಸಿದರೂ ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಬೇಕು.

ಅಕ್ವೇರಿಯಂಗೆಂದೇ ಮಾಡಿದ, ಮನೆಯ ಕರೆಂಟಿನಲ್ಲಿ ನೇರವಾಗಿ ಓಡುವ ಎಸಿ ಸಬ್‌ಮರ್ಸಿಬಲ್ ಪಂಪ್ ಬೇರೆಯೇ ಜಾತಿ. ಕೊಳ್ಳುವಾಗ ಮುಂದಿನ ಮುಚ್ಚಳ ಬಿಚ್ಚಿಸಿ ಶಾಫ್ಟ್ ನೋಡಿ. ಬಿಳಿಯ ಸೆರಾಮಿಕ್ ಕಡ್ಡಿ, ಎರಡು ತುದಿಗೂ ರಬ್ಬರ್ ಬುಷ್ ಇದ್ದರೆ ಸರಿ. ಬಿಡಿ ಇಂಪೆಲ್ಲರ್ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಸಿಗದಿದ್ದರೆ ಆ ಪಂಪ್ ಬಿಡಿ, ಎಷ್ಟೇ ಅಗ್ಗವಾದರೂ. 2000 ಲೀಟರ್ ಎಂದು ಬರೆದ, 35 ವ್ಯಾಟಿನ, ಎರಡು ಮೀಟರ್ ಗರಿಷ್ಠ ಹೆಡ್ ಇರುವ ಪಂಪ್ ಈ ಪೈಪಿನಲ್ಲಿ 900 ಲೀಟರ್ ಹತ್ತಿರ ಕೊಟ್ಟಿತು. ಬೇಕಾದಷ್ಟೇ.

ಇದರ ದೌರ್ಬಲ್ಯ ಎರಡು. ಒಂದು, ಬಿಸಿ. ಮುಳುಗಿರುವ ಪಂಪ್ ತಿನ್ನುವ ಕರೆಂಟೆಲ್ಲ ಕೊನೆಗೆ ನೀರಿನಲ್ಲಿ ಬಿಸಿಯಾಗಿಯೇ ಉಳಿಯುತ್ತದೆ. 35 ವ್ಯಾಟ್ ದಿನವಿಡೀ ಓಡಿದರೆ 0.84 ಯೂನಿಟ್. ಬಿಸಿ ಎಲ್ಲಿಗೂ ಹೋಗದಿದ್ದರೆ ಅಷ್ಟರಿಂದ 200 ಲೀಟರ್ ಸಮುದ್ರದ ನೀರು ದಿನಕ್ಕೆ ಸುಮಾರು 3.7 ಡಿಗ್ರಿ ಏರಬೇಕು. ಗಾಜಿನಿಂದ, ಆವಿಯಿಂದ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ ನಿಜ. ಆದರೆ ಕೋಣೆಯೇ 32 ಡಿಗ್ರಿ ಇರುವ ಏಪ್ರಿಲ್, ಮೇನಲ್ಲಿ ಒಂದೊಂದು ಡಿಗ್ರಿಗೂ ಬೆಲೆಯಿದೆ. ಎರಡನೆಯದು, ಮರುಚಾಲನೆ. ಈ ಮೋಟರಿಗೆ ಹೊರಡುವಾಗಿನ ಬಲ ತೀರಾ ಕಡಿಮೆ. ಓಡುತ್ತಿರುವಾಗ ಸುಣ್ಣದ ಪದರ ಕಟ್ಟಿದ್ದರೂ ತಿರುಗುತ್ತಲೇ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ಕರೆಂಟ್ ಹೋಗಿ ಬಂದರೆ ‘ಗುಂಯ್’ ಎನ್ನುತ್ತದೆ, ತಿರುಗುವುದಿಲ್ಲ. ವೋಲ್ಟೇಜ್ ಇಳಿದಿದ್ದರೆ ಇನ್ನೂ ಕಷ್ಟ. ನಿಂತ ಪಂಪಿನ ಕಾಯಿಲ್ ಬಿಸಿಯಾಗುತ್ತಾ ನೀರನ್ನೂ ಕಾಯಿಸುತ್ತದೆ.

ಡಿಸಿ ಪಂಪ್ ಅಡಾಪ್ಟರ್ ಮೂಲಕ ಓಡುವ 24 ವೋಲ್ಟಿನದು, ವೇಗ ಹೊಂದಿಸುವ ಕಂಟ್ರೋಲರ್ ಜೊತೆ ಬರುತ್ತದೆ. ಅದೇ 900 ಲೀಟರಿಗೆ 18–20 ವ್ಯಾಟ್ ಸಾಕಾಯಿತು. ಬಿಸಿಯೂ ಹತ್ತಿರ ಹತ್ತಿರ ಅರ್ಧ. ನಿಧಾನವಾಗಿ ಹೊರಟು ವೇಗ ಏರಿಸಿಕೊಳ್ಳುವುದರಿಂದ ಕರೆಂಟ್ ಬಂದ ತಕ್ಷಣ ಏಳುತ್ತದೆ, ಸದ್ದಿಲ್ಲ. ಸಂಪ್ ಬರಿದಾದರೆ ತಾನೇ ನಿಲ್ಲುವ ವ್ಯವಸ್ಥೆ ಬಹುತೇಕ ಎಲ್ಲದರಲ್ಲೂ ಇದೆ. ಬೆಲೆ ಮಾತ್ರ ಎಸಿ ಪಂಪಿನ ಮೂರ್ನಾಲ್ಕು ಪಟ್ಟು. ತಿಂಗಳಿಗೆ ಉಳಿಯುವುದು 11–12 ಯೂನಿಟ್, ಆ ಉಳಿತಾಯದಿಂದ ಪಂಪಿನ ಬೆಲೆ ಹುಟ್ಟಲು ವರ್ಷಗಳೇ ಬೇಕು. ಬಿಲ್ಲಿಗಾಗಿ ಡಿಸಿ ಕೊಳ್ಳುವುದರಲ್ಲಿ ಅರ್ಥವಿಲ್ಲ, ಬಿಸಿ ಕಡಿಮೆ ಮಾಡಲು ಕೊಂಡರೆ ಅರ್ಥವಿದೆ.

ಡಿಸಿ ಪಂಪಿನಲ್ಲಿ ಬಹಳ ಜನ ಎಡವುವುದು ವೇಗ ಇಳಿಸುವ ವಿಷಯದಲ್ಲಿ. ವೇಗ ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ಎತ್ತುವ ಶಕ್ತಿ ವೇಗದ ವರ್ಗದಂತೆ ಇಳಿಯುತ್ತದೆ. ನಾಲ್ಕು ಮೀಟರ್ ಗರಿಷ್ಠ ಹೆಡ್ ಇರುವ ಪಂಪನ್ನು ಅರ್ಧ ವೇಗಕ್ಕೆ ತಂದರೆ ಗರಿಷ್ಠ ಹೆಡ್ ಒಂದೇ ಮೀಟರ್. ನಮ್ಮ ಪೈಪಿಗೆ 1.25 ಬೇಕು, ಹಾಗಾಗಿ ಪಂಪ್ ತಿರುಗುತ್ತಿದ್ದರೂ ಮೇಲೆ ಹನಿ ನೀರು ಬೀಳುವುದಿಲ್ಲ. ಪಂಪ್ ಕೆಟ್ಟಿದೆ ಎಂದು ವಾಪಸ್ ಕೊಡುವ ಮುಂಚೆ ಎರಡು ಮೆಟ್ಟಿಲು ವೇಗ ಏರಿಸಿ ನೋಡಿ. ಎಸಿ ಪಂಪಿನ ಹರಿವು ಇಳಿಸಬೇಕಾದರೆ ಹೊರಹೋಗುವ ಪೈಪಿನ ಬಾಲ್ ವಾಲ್ವ್ ತಿರುಗಿಸಿ. ನೀರೆಳೆಯುವ ಕಡೆ ಯಾವತ್ತೂ ಕಟ್ಟಬಾರದು, ಒಳಗೆ ಗುಳ್ಳೆ ಹುಟ್ಟಿ ಇಂಪೆಲ್ಲರ್ ಹಾಳಾಗುತ್ತದೆ.

ಇನ್ನೊಂದು ಮಾತು, ಕರಾವಳಿಗೆ ಸೇರಿದ್ದು. ಡಿಸಿ ಪಂಪಿನ ಮೋಟರ್ ಗಟ್ಟಿ, ಕಂಟ್ರೋಲರ್ ಸೂಕ್ಷ್ಮ. ಸಂಪಿನ ಪಕ್ಕದ ಕಪಾಟಿನೊಳಗೆ ತೂಗುಹಾಕಿದರೆ ಉಪ್ಪಿನ ಹಸಿಗಾಳಿಗೆ ಅದರ ಸರ್ಕ್ಯೂಟ್ ಹಸಿರುಗಟ್ಟುತ್ತದೆ. ಕಪಾಟಿನ ಹೊರಗೆ, ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ ಹಾಕಿ. ವೈರ್ ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಪ್ಲಗ್ಗಿಗೆ ಏರುವಂತಿರಲಿ, ಆಗ ವೈರ್ ಗುಂಟ ಇಳಿದ ನೀರು ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಇಡೀ ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆರುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಮೊದಲು ಬಲಿಯಾಗುವುದು ಅಡಾಪ್ಟರ್. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದು ಅಡಾಪ್ಟರ್ ಮನೆಯಲ್ಲಿರಲಿ.

ಓಡಾಡಿಸುವ ಪಂಪ್

ಹಳೆಯ ಪವರ್‌ಹೆಡ್‌ಗೆ ಇಂಪೆಲ್ಲರೇ ಇರುತ್ತದೆ, ನೀರು ಸಣ್ಣ ಮೂತಿಯಿಂದ ಚುಚ್ಚಿದಂತೆ ಬರುತ್ತದೆ. 1000 ಲೀಟರಿಗೆ 15 ವ್ಯಾಟ್‌ಗಿಂತ ಹೆಚ್ಚು ತಿನ್ನುತ್ತದೆ. ಎದುರಿನ ಗಾಜಿನ ಬಳಿ ಮರಳು ಗುಂಡಿ ಬಿದ್ದಿರುತ್ತದೆ, ಪಕ್ಕದ ಮೂಲೆಯಲ್ಲಿ ಕಸ ಕೂತಿರುತ್ತದೆ. ಎರಡಡಿ ಟ್ಯಾಂಕಿಗೆ, ನೀರು ಕಲಸಲು ಸರಿ. ನಾಲ್ಕಡಿಗೆ ಬೇಡ.

ಎಸಿ ವೇವ್‌ಮೇಕರ್ ಈ ಬೆಲೆಯಲ್ಲಿ ದೊಡ್ಡ ಉಪಕಾರಿ. ಬರೀ ಆರೇಳು ವ್ಯಾಟಿಗೆ 3000 ಲೀಟರ್ ನೀರನ್ನು ಅಗಲವಾಗಿ ತಳ್ಳುತ್ತದೆ, ಮರಳು ಕೆದಕುವುದಿಲ್ಲ. ತೊಂದರೆ ಇರುವುದು ಹಿಡಿತದಲ್ಲಿ. ರಬ್ಬರ್ ಕಪ್ ಮಾತ್ರ ಇರುವುದನ್ನು ಕೊಳ್ಳಬೇಡಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಆ ರಬ್ಬರ್ ಬಿರುಸಾಗುತ್ತದೆ, ಒಂದು ದಿನ ಪಂಪ್ ಕಳಚಿ ಕೆಳಗೆ ಬಿದ್ದು ಮರಳನ್ನೆಲ್ಲ ಎಬ್ಬಿಸುತ್ತದೆ. ಹೊರಗೊಂದು ಒಳಗೊಂದು ಅಯಸ್ಕಾಂತ ಇರುವುದೇ ಸರಿ, ನಿಮ್ಮ ಗಾಜಿನ ದಪ್ಪಕ್ಕೆ ಹೊಂದುತ್ತದೆಯೇ ಎಂದು ಡಬ್ಬಿ ನೋಡಿಕೊಳ್ಳಿ. ಶುರುವಾಗುವಾಗ ಒಮ್ಮೊಮ್ಮೆ ಉಲ್ಟಾ ತಿರುಗಿ ‘ಟಕ್ ಟಕ್’ ಎಂದು ಸರಿದಾರಿಗೆ ಬರುತ್ತದೆ, ಇದು ದೋಷವಲ್ಲ. ಆದರೆ ಟೈಮರ್ ಪ್ಲಗ್ ಹಾಕಿ ನಿಮಿಷಕ್ಕೊಮ್ಮೆ ಆರಿಸಿ ಹಚ್ಚಿದರೆ ಆ ಟಕ್ಕಿನಲ್ಲೇ ಫ್ಯಾನಿನ ಬುಡ ಸವೆಯುತ್ತದೆ.

ಡಿಸಿ ವೇವ್‌ಮೇಕರ್‌ನಲ್ಲಿ ವೇಗ ಏರಿಳಿಸಬಹುದು, ಅಲೆ ಎಬ್ಬಿಸಬಹುದು, ಮೀನಿಗೆ ಆಹಾರ ಹಾಕುವಾಗ ಹತ್ತು ನಿಮಿಷ ನಿಲ್ಲಿಸಬಹುದು. 120 ಸೆಂ.ಮೀ. ಉದ್ದದ, 40 ಸೆಂ.ಮೀ. ನೀರಿರುವ ಟ್ಯಾಂಕಿನಲ್ಲಿ ನೀರು ಆ ತುದಿಯಿಂದ ಈ ತುದಿಗೆ ತೂಗಿ ಮರಳಲು ಹಿಡಿಯುವ ಕಾಲ ಸುಮಾರು 1.4 ಸೆಕೆಂಡ್. ಪಂಪ್ 0.7 ಸೆಕೆಂಡ್ ತಳ್ಳಿ 0.7 ಸೆಕೆಂಡ್ ಬಿಟ್ಟರೆ ಆ ತೂಗಾಟಕ್ಕೆ ತಾಳ ಸೇರಿ ಇಡೀ ನೀರು ಉಯ್ಯಾಲೆಯಂತೆ ಆಡುತ್ತದೆ. ಕಡಿಮೆ ಶಕ್ತಿಯಲ್ಲಿ ಕಲ್ಲಿನ ಸಂದುಗಳ ಕಸವೆಲ್ಲ ಹೊರಬರುತ್ತದೆ. ಅಲೆಯ ಎತ್ತರ ಒಂದು ಸೆಂ.ಮೀ. ದಾಟಲು ಬಿಡಬೇಡಿ. ಮೇಲೆ ಗಾಜಿನ ಪಟ್ಟಿ ಇಲ್ಲದ ಟ್ಯಾಂಕಿನ ಸಿಲಿಕಾನ್ ಅಂಚಿಗೂ ಕಬ್ಬಿಣದ ತೆಳು ಸ್ಟ್ಯಾಂಡಿಗೂ ಆ ಒದೆತ ಒಳ್ಳೆಯದಲ್ಲ.

ಯಾವುದೇ ಆಗಲಿ, ನೀರಿನ ಮೇಲಿನ ಮೂರನೇ ಒಂದು ಭಾಗದಲ್ಲಿ, ಮೂತಿ ಸ್ವಲ್ಪ ಮೇಲ್ಮುಖವಾಗಿ ಇಡಿ. ಮೇಲ್ಮೈ ಕದಡುತ್ತಿರಬೇಕು. 30 ಡಿಗ್ರಿಯ ಸಮುದ್ರದ ನೀರು ಹಿಡಿಯಬಲ್ಲ ಆಮ್ಲಜನಕ ಲೀಟರಿಗೆ ಆರು ಮಿಲಿಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಅದೇ ಬಿಸಿಯ ಸಿಹಿನೀರು ಏಳೂವರೆ ಹಿಡಿಯುತ್ತದೆ. ಕಲ್ಲಿನ ಹಿಂದೆ ಎರಡು ಚಿಟಿಕೆ ಪುಡಿ ಆಹಾರ ಬಿಟ್ಟು ನೋಡಿ, ಅದು ಎಲ್ಲಿ ಕೂರುತ್ತದೋ ಅಲ್ಲಿ ಹರಿವು ಸಾಲದು. ಒಂದೇ ದೊಡ್ಡ ಪಂಪಿಗಿಂತ ಎದುರುಬದುರು ಎರಡು ಚಿಕ್ಕವು ಮೇಲು. ಒಂದು ನಿಂತರೂ ಇನ್ನೊಂದು ಇರುತ್ತದೆ.

ಕರೆಂಟ್ ಹೋದಾಗ

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಸೀಮಿತ ಹಣವಿದ್ದರೆ ರಿಟರ್ನ್‌ಗೆ ಸಾಧಾರಣ ಎಸಿ ಪಂಪ್, ಟ್ಯಾಂಕಿನೊಳಗೆ ಒಂದು ಡಿಸಿ ವೇವ್‌ಮೇಕರ್, ಜೊತೆಗೊಂದು ಎಸಿ. ಅಂಗಡಿಯವರು ಸಾಮಾನ್ಯವಾಗಿ ಇದರ ತದ್ವಿರುದ್ಧ ಹೇಳುತ್ತಾರೆ, ದುಬಾರಿ ಪಂಪ್ ಸಂಪಿಗೆ ಎಂದು. ಹಣ ಒಳಗಿನ ಪಂಪಿಗೇ ಹಾಕಿ ಎನ್ನಲು ಕಾರಣ ಸರಳ. ಸಂಪಿನ ಹರಿವು ನಾಲ್ಕು ಗಂಟೆ ನಿಂತರೆ ಮೀನಿಗೆ ಏನೂ ಆಗುವುದಿಲ್ಲ. ಟ್ಯಾಂಕಿನೊಳಗಿನ ಓಡಾಟ ನಿಂತರೆ, ಬಿಸಿ ನೀರಿನಲ್ಲಿ, ಮೀನು ಹೆಚ್ಚಿದ್ದರೆ, ಎರಡು ಗಂಟೆಯೊಳಗೆ ಅವು ಮೇಲೆ ಬಂದು ಬಾಯಿ ಬಡಿಯಲು ಶುರುಮಾಡುತ್ತವೆ. ಬ್ಯಾಟರಿಯ ಮೇಲೆ ನೇರವಾಗಿ ಓಡುವುದು ಡಿಸಿ ಮಾತ್ರ.

24 ವೋಲ್ಟಿನ ವೇವ್‌ಮೇಕರ್‌ಗೆ 12 ವೋಲ್ಟ್, 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದು, ಆ ಲೆಕ್ಕದಲ್ಲಿ 84 ವ್ಯಾಟ್-ಗಂಟೆ ಸಿಗುತ್ತದೆ. ವೇಗ ಇಳಿಸಿ 10 ವ್ಯಾಟಿಗೆ ತಂದರೆ ಎಂಟು ಗಂಟೆ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು 24 ವೋಲ್ಟಿನ ಒಂದು ರಿಲೇ (ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್) ಸಾಕು, ಅದರ ಎನ್‌ಒ ತುದಿ ಕರೆಂಟ್ ಇದ್ದಾಗ, ಎನ್‌ಸಿ ತುದಿ ಇಲ್ಲದಾಗ ಕೂಡುತ್ತದೆ: ಕಾಯಿಲ್ ಅಡಾಪ್ಟರಿಗೆ, ಕಾಮನ್ ಕಂಟ್ರೋಲರಿಗೆ, ಎನ್‌ಒ ಅಡಾಪ್ಟರಿಗೆ, ಎನ್‌ಸಿ ಬ್ಯಾಟರಿಗೆ. ಬ್ಯಾಟರಿಯ ಪ್ಲಸ್ ತುದಿಯಲ್ಲೇ 2 ಆಂಪಿಯರ್ ಫ್ಯೂಸ್ ಇರಲಿ. ಪೂರ್ತಿ ಚಾರ್ಜ್ ಆದ ಜೋಡಿ 25.5 ವೋಲ್ಟ್ ತೋರಿಸುತ್ತದೆ, ಚಾರ್ಜರ್ ಮೇಲಿದ್ದರೆ 27 ದಾಟುತ್ತದೆ. ಕಂಟ್ರೋಲರ್ ಅಷ್ಟು ತಡೆಯುತ್ತದೆಯೇ ಎಂದು ಲೇಬಲ್ ಓದಿ, ಇಲ್ಲವಾದರೆ ನಡುವೆ 24 ವೋಲ್ಟಿಗೆ ಹೊಂದಿಸಿದ ಬಕ್-ಬೂಸ್ಟ್ ಕನ್ವರ್ಟರ್ ಹಾಕಿ. ಕರೆಂಟ್ ಬದಲಾದಾಗ ಹಿಂದಿನ ವೇಗ ನೆನಪಿಟ್ಟುಕೊಳ್ಳದೆ ಆಫ್ ಆಗಿ ಕೂರುವ ಕಂಟ್ರೋಲರ್‌ಗಳೂ ಇವೆ. ಅಂಥದ್ದು ಈ ಕೆಲಸಕ್ಕೆ ಬರುವುದಿಲ್ಲ.

ಮನೆಯ ಇನ್ವರ್ಟರ್ ಮೇಲೆ ಎಸಿ ಪಂಪ್ ಓಡಿಸಬಹುದು, ಸೈನ್ ವೇವ್ ಇನ್ವರ್ಟರ್ ಆಗಿದ್ದರೆ. ಸ್ಕ್ವೇರ್ ವೇವ್ ಆದರೆ ಪಂಪ್ ಗೊರಗೊರ ಎನ್ನುತ್ತಾ ಬಿಸಿಯಾಗುತ್ತದೆ. ಇದ್ಯಾವುದೂ ಆಗದವರು ಬ್ಯಾಟರಿ ಏರ್ ಪಂಪ್ ಒಂದನ್ನಾದರೂ ಇಟ್ಟುಕೊಳ್ಳಿ. ಗುಳ್ಳೆ ಸಿಡಿದು ಮುಚ್ಚಳ, ಲೈಟಿನ ಮೇಲೆಲ್ಲ ಉಪ್ಪು ಕಟ್ಟುತ್ತದೆ, ಒರೆಸಿಕೊಂಡರಾಯಿತು.

ಪಂಪ್ ನಿಂತಾಗ ಮೇಲಿನ ನೀರು ಪೈಪಿನ ಮೂಲಕ ಹಿಂದಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ 5.4 ಲೀಟರ್. ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ ನಾಲ್ಕು ಸೆಂ.ಮೀ. ಇದ್ದರೆ 21 ಲೀಟರಿಗೂ ಹೆಚ್ಚು ಸಂಪಿಗೆ ಬಂದು ಬೀಳುತ್ತದೆ. ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ನಂಬಬೇಡಿ, ಅದರ ಮುಚ್ಚಳದಡಿ ಒಂದು ಬಸವನಹುಳು ಸಿಕ್ಕಿದರೂ ಸೋರುತ್ತದೆ. ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ರಿಟರ್ನ್ ಪೈಪಿಗೆ 5 ಮಿ.ಮೀ. ರಂಧ್ರ ಕೊರೆಯಿರಿ, ಮಟ್ಟ ಅಲ್ಲಿಗಿಳಿದ ಕೂಡಲೇ ಗಾಳಿ ಎಳೆದು ಹರಿವು ಕಡಿಯುತ್ತದೆ. ಪಾಚಿ ಆ ರಂಧ್ರ ಮುಚ್ಚದಂತೆ ವಾರಕ್ಕೊಮ್ಮೆ ಕಡ್ಡಿ ಆಡಿಸಬೇಕು.

ಫಿಟಿಂಗ್, ಮಣ್ಣು, ಸುಣ್ಣ

ಪ್ಲಂಬಿಂಗ್ ಅಂಗಡಿಯಲ್ಲಿ ಥ್ರೆಡ್ ಇರುವ ಎಲ್ಬೋ ಕೇಳಿದರೆ ಬಹುಪಾಲು ಒಳಗೆ ಹಿತ್ತಾಳೆ ಇರುವುದನ್ನೇ ಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ. ಪೂರ್ತಿ ಪ್ಲಾಸ್ಟಿಕ್ ಎಂಟಿಎ (ಹೊರಗೆ ಥ್ರೆಡ್ ಇರುವ ಜೋಡಣೆ), ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ಎಂದು ಬಿಡಿಸಿ ಹೇಳಿ. ಪಂಪಿನ ಪಕ್ಕದಲ್ಲಿ ಒಂದು ಯೂನಿಯನ್ ಹಾಕಿಸಿ, ಇಲ್ಲದಿದ್ದರೆ ತೊಳೆಯಬೇಕಾದಾಗಲೆಲ್ಲ ಪೈಪ್ ಕೊಯ್ಯಬೇಕಾಗುತ್ತದೆ.

ಸಮುದ್ರದ ನೀರನ್ನೇ ತರುವವರ ಪಂಪ್ ಬೇಗ ಸವೆಯಲು ಕಾರಣ ಮಣ್ಣು. ಕೋಡಿಬಾಗದ ಹತ್ತಿರ, ಕಾಳಿ ಸಮುದ್ರ ಸೇರುವ ಕಡೆ, ಮಳೆಗಾಲದಲ್ಲಿ ನೀರು ಕೆಂಪಗೂ ಇರುತ್ತದೆ, ಉಪ್ಪೂ ಇಳಿದಿರುತ್ತದೆ. ನದಿಬಾಯಿಯಿಂದ ದೂರ, ಮಳೆ ಹಿಡಿಯುವ ಮುಂಚೆ, ಉಬ್ಬರದ ಹೊತ್ತಿಗೆ ತುಂಬಿಸಿಕೊಳ್ಳಿ. ಎರಡು ದಿನ ಡ್ರಮ್ಮಿನಲ್ಲಿ ತಳ ಇಳಿಯಲು ಬಿಟ್ಟು, 5 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಹೈಡ್ರೋಮೀಟರ್ 1.023ರಿಂದ 1.025 ತೋರಿಸಿದರೆ ಬಳಸಿ. ಸೋಸದ ನೀರಿನ ನಯವಾದ ಮರಳು ಶಾಫ್ಟ್ ಮತ್ತು ಬುಷ್ ನಡುವೆ ಸೇರಿ ಅರೆಯುತ್ತದೆ, ಪಂಪ್ ಸದ್ದು ಮಾಡಲು ಶುರುವಾಗುವುದು ಅಲ್ಲಿಂದ.

ಸಂಪಿನ ಮೇಲೆ ಚಿಕ್ಕ ಫ್ಯಾನ್ ಬೇಸಿಗೆಗೆ ಒಳ್ಳೆಯದು. ಒಂದು ಲೀಟರ್ ನೀರು ಆವಿಯಾದರೆ 200 ಲೀಟರ್ ನೀರಿನಿಂದ ಸುಮಾರು ಮೂರು ಡಿಗ್ರಿಯಷ್ಟು ಬಿಸಿ ಒಯ್ಯುತ್ತದೆ. ಆದ ನಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲ. ಗಾಳಿಯಲ್ಲಿ ಪಸೆ ತುಂಬಿದ ದಿನ ಮಾತ್ರ ಫ್ಯಾನ್ ಕೈಕೊಡುತ್ತದೆ. ಆಗ ಉಳಿಯುವ ದಾರಿ ಪಂಪಿನ ವ್ಯಾಟ್ ಇಳಿಸುವುದು, ಅಥವಾ ನೀರು ತಣಿಸುವ ಚಿಲ್ಲರ್ ಯಂತ್ರ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರಿಗೆ ಈ ಲೆಕ್ಕ ಬೇರೆ. ಅಲ್ಲಿನ ಚಳಿಗಾಲದ ಬೆಳಗಿನಲ್ಲಿ ಎಸಿ ಪಂಪಿನ ಬಿಸಿ ಹೀಟರಿನ ಹೊರೆ ಇಳಿಸುತ್ತದೆ, ಡಿಸಿಗೆ ಅಷ್ಟು ಹಣ ಹಾಕುವ ಅಗತ್ಯ ಅವರಿಗಿಲ್ಲ. ಆದರೆ ರಿಟರ್ನ್ ಎರಡು ಮೀಟರ್ ಏರಬೇಕಾದಲ್ಲಿ, ಅಥವಾ ಟ್ಯಾಂಕ್ 400 ಲೀಟರ್ ದಾಟಿದಲ್ಲಿ, ಊರು ಯಾವುದೇ ಆದರೂ ಡಿಸಿಯೇ ಸರಿ.

ತೊಳೆಯಲು ನಿಂಬೆ ಉಪ್ಪು ಸಾಕು, ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ ಮೂರು ದೊಡ್ಡ ಚಮಚ. ಪಂಪ್ ಬಿಚ್ಚಿ ಇಂಪೆಲ್ಲರ್, ಶಾಫ್ಟ್, ಮುಚ್ಚಳವನ್ನು ಅದರಲ್ಲಿ ಮುಕ್ಕಾಲು ಗಂಟೆ ನೆನೆಸಿ, ನೊರೆ ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ರೋಟರ್ ಕೂರುವ ಗೂಡಿನ ತಳ ಮರೆಯಬಾರದು, ಸುಣ್ಣ ಹೆಚ್ಚು ಕಟ್ಟುವುದು ಅಲ್ಲೇ. ಸೆರಾಮಿಕ್ ಶಾಫ್ಟ್ ಗಾಜಿನಂತೆ ಮುರಿಯುತ್ತದೆ, ಓರೆಯಾಗಿ ಎಳೆಯಬೇಡಿ. ಸಿಹಿನೀರಿನಲ್ಲಿ ಎರಡು ಸಲ ತೊಳೆದು ಜೋಡಿಸಿ. ರಿಟರ್ನ್ ಪಂಪಿಗೆ ಮೂರು ತಿಂಗಳಿಗೊಮ್ಮೆ, ಬೆಳಕು ಬೀಳುವ ವೇವ್‌ಮೇಕರ್‌ಗೆ ಎರಡು ತಿಂಗಳಿಗೊಮ್ಮೆ ಈ ಕೆಲಸ ಬೇಕು. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಎಲ್ಲವನ್ನೂ ಒಟ್ಟಿಗೆ ತೊಳೆದು ಮೇನ್ ಸ್ವಿಚ್ ಹತ್ತು ನಿಮಿಷ ಆರಿಸಿ: ಸಂಪ್ ಉಕ್ಕದೆ ನಿಂತಿತೇ, ರಿಲೇ ಬ್ಯಾಟರಿಗೆ ಬದಲಾಯಿತೇ ನೋಡಿ. ಮತ್ತೆ ಹಚ್ಚಿದಾಗ ಪ್ರತಿ ಪಂಪಿನ ಮುಂದೆ ಕೈಯಿಟ್ಟು ನೀರು ತಾಗುತ್ತದೆಯೇ ಪರೀಕ್ಷಿಸಿ, ತಾಗದಿದ್ದರೆ ಬಿಡಿ ಇಂಪೆಲ್ಲರ್ ತರಿಸಲು ಆಗ ಇನ್ನೂ ಸಮಯವಿರುತ್ತದೆ.